ಶಾಲಾ ಮಕ್ಕಳ ಆರೋಗ್ಯಪಾಲನೆ: ತಪಾಸಣೆಯ ಮರುದಿನದ ಕೆಲಸ

(ಧರ್ಮಕೇಂದ್ರದ ಶತಮಾನೋತ್ಸವದ ಅಂಗವಾಗಿ ಏರ್ಪಟ್ಟ ತಂದೆತಾಯಿಗಳ ಮತ್ತು ಉಪಾಧ್ಯಾಯರ ಸಭೆಯಲ್ಲಿ ಮಾಡಿದ ಭಾಷಣ)



ಶತಮಾನೋತ್ಸವದ ಸಂದರ್ಭದಲ್ಲಿ ದೇವಾಲಯದ ಕಟ್ಟಡವನ್ನು ಕುರಿತು, ಅದನ್ನು ಕಟ್ಟಿಸಿದ ಗುರುಗಳನ್ನು ಕುರಿತು, ಗಂಟೆ, ಪೀಠ, ಪ್ರತಿಮೆಗಳನ್ನು ಕುರಿತು ಮಾತನಾಡುವುದು ವಾಡಿಕೆ. ಆ ಮಾತುಗಳನ್ನಾಡಲು ನಮಗಿಂತ ಅರ್ಹರಾದ ಹಿರಿಯರು ಈ ವೇದಿಕೆಯ ಮೇಲಿದ್ದಾರೆ. ನಮ್ಮ ಪಾಲಿಗೆ ಬಂದಿರುವ ವಿಷಯ ಪ್ರಾಥಮಿಕ ಶಾಲೆಯ ಮಕ್ಕಳ ಆರೋಗ್ಯ, ಅದರಲ್ಲಿಯೂ ಶಾಲೆಯಲ್ಲಿ ದಾದಿಯ ಸೇವೆ. ಹಬ್ಬದ ಸಭೆಯಲ್ಲಿ ಕಜ್ಜಿ, ಜಂತುಹುಳು, ಸೋರುವ ಕಿವಿಗಳ ಮಾತೇಕೆ ಎಂದು ಯಾರಾದರೂ ಕೇಳಿದರೆ, ಈ ಸೀಮೆಯ ಕ್ರೈಸ್ತ ಸಭೆಯ ಚರಿತ್ರೆಯೇ ಅದಕ್ಕೆ ಉತ್ತರ ಕೊಡುತ್ತದೆ.

1799ರಲ್ಲಿ ಶ್ರೀರಂಗಪಟ್ಟಣ ಪತನವಾದ ಮೇಲೆ ಅಲ್ಲಿಗೆ ಬಂದು, ಚದುರಿಹೋಗಿದ್ದ ಕ್ರೈಸ್ತ ಕುಟುಂಬಗಳನ್ನು ಒಟ್ಟುಗೂಡಿಸಿದವರು ಪ್ಯಾರಿಸ್ಸಿನ ವಿದೇಶ ಪ್ರೇಷಿತ ಸಂಸ್ಥೆಗೆ ಸೇರಿದ ಅಬ್ಬೆ ದುಬ್ವಾ ಎಂಬ ಗುರುಗಳು. ಗಂಜಾಮಿನಲ್ಲಿ ಅವರ ಹೆಸರಿನಿಂದಲೇ ಜನ ಗುರುತಿಸುವ ದೇವಾಲಯ ಇಂದಿಗೂ ನಿಂತಿದೆ. ನಮ್ಮ ನಾಡಿನ ಉಡುಪನ್ನೇ ಉಟ್ಟು, ನಮ್ಮ ಜನರ ನಡುವೆಯೇ ಬಾಳಿದ ಅವರನ್ನು ಹಿಂದಿನವರು ದೊಡ್ಡಸ್ವಾಮಿಯವರು ಎಂದು ಕರೆಯುತ್ತಿದ್ದರು. ಹಿಂದೂ ಆಚಾರ ವ್ಯವಹಾರಗಳನ್ನು ಕುರಿತು ಅವರು ಬರೆದ ಗ್ರಂಥ ಲೋಕಪ್ರಸಿದ್ಧವಾಯಿತು. ಅದರ ಕೆಲವು ತೀರ್ಪುಗಳನ್ನು ಇಂದು ನಾವು ಒಪ್ಪಲಾರೆವು. ಆದರೆ ಅವರ ಇನ್ನೊಂದು ಕೆಲಸದ ಬಗೆಗೆ ಭಿನ್ನಾಭಿಪ್ರಾಯಕ್ಕೆ ಎಡೆಯೇ ಇಲ್ಲ. 1796ರಲ್ಲಿ ಇಂಗ್ಲೆಂಡಿನಲ್ಲಿ ಎಡ್ವರ್ಡ್ ಜೆನ್ನರ್ ಕಂಡುಹಿಡಿದ ಗೋಸಿಡುಬಿನ ದಾಕು 1802ರಲ್ಲಿ ಮುಂಬಯಿಯನ್ನು ಮುಟ್ಟಿತು. ಅದಾದ ಸ್ವಲ್ಪ ಕಾಲದಲ್ಲಿಯೇ, 1803-04ರ ಅವಧಿಯಲ್ಲಿ, ಮೈಸೂರು ಸೀಮೆಯಲ್ಲಿ 25,432 ಜನರಿಗೆ ಆ ದಾಕು ಹಾಕಿಸಿದ ಕೀರ್ತಿ ಈ ದೊಡ್ಡಸ್ವಾಮಿಯವರದು. ರೈಲಿಲ್ಲದ, ಮೋಟಾರಿಲ್ಲದ ಕಾಲದಲ್ಲಿ ಸಾಧಿಸಿದ ಸಂಖ್ಯೆ ಇದೆಂಬುದನ್ನು ತಾವು ಗಮನಿಸಬೇಕು.

ಸಂಖ್ಯೆಗಿಂತಲೂ ನಮ್ಮ ಮನಸ್ಸನ್ನು ಹಿಡಿಯುವುದು ಆ ಕೆಲಸದ ರೀತಿ. ಆಗ ದಾಕಿನ ಮದ್ದನ್ನು ಶೀಶೆಯಲ್ಲಿ ತುಂಬಿ ತಂಪಾಗಿಡುವ ಅನುಕೂಲವಿರಲಿಲ್ಲ. ಒಂದು ಮಗುವಿನ ತೋಳಿಗೆ ದಾಕು ಹಾಕಿದರೆ ಸುಮಾರು ಎಂಟನೆಯ ದಿನಕ್ಕೆ ಅಲ್ಲಿ ನೀರುಗುಳ್ಳೆ ಏಳುತ್ತಿತ್ತು. ಅದರ ತಿಳಿರಸವನ್ನೇ ತೆಗೆದು ಮುಂದಿನ ಮಗುವಿನ ತೋಳಿಗೆ ಹಚ್ಚಬೇಕಾಗಿತ್ತು. ಹೀಗೆ ತೋಳಿಂದ ತೋಳಿಗೆ ಮದ್ದು ನಡೆಯುತ್ತಿತ್ತು. ಎಂಟನೆಯ ದಿನ ಆ ಮಗು ಮರಳಿ ಬಾರದಿದ್ದರೆ ದಾಕು ಹಿಡಿಯಿತೋ ಇಲ್ಲವೋ ತಿಳಿಯುತ್ತಿರಲಿಲ್ಲ. ಅಷ್ಟೇ ಅಲ್ಲ, ಸರಪಳಿಯೇ ಕಡಿದುಹೋಗುತ್ತಿತ್ತು. ಎಂದರೆ ಮೊದಲ ದಿನ ಜನ ಸೇರಿಸಿ ದಾಕು ಹಾಕುವುದು ಅರ್ಧ ಕೆಲಸ ಮಾತ್ರ. ಎಂಟನೆಯ ದಿನ ಅದೇ ಮಗುವನ್ನು ಹುಡುಕಿ, ಹೆದರಿದ ತಾಯಿಗೆ ಧೈರ್ಯ ಹೇಳಿ, ತೋಳನ್ನು ನೋಡುವುದು ಉಳಿದರ್ಧ. ಮುಂದೆ ಅದೇ ವಿದ್ಯೆ ಬೆಳೆದು ಬೆಳೆದು 1975ರಲ್ಲಿ ನಮ್ಮ ದೇಶದಿಂದ ಸಿಡುಬು ತೊಲಗಿತು. 1980ರಲ್ಲಿ ಲೋಕವೇ ಅದರಿಂದ ಮುಕ್ತವಾಯಿತೆಂದು ಸಾರಲಾಯಿತು.

ನಾವು ಈ ಹೊತ್ತು ಹೇಳಬೇಕೆಂದಿರುವುದೆಲ್ಲ ಆ ಎಂಟನೆಯ ದಿನದ ಮಾತೇ ಆಗಿದೆ. ಮಕ್ಕಳನ್ನು ಪರೀಕ್ಷಿಸುವ ಏರ್ಪಾಡು ಈಗ ನಮ್ಮಲ್ಲಿ ಇದೆ. ಪರೀಕ್ಷೆಯಾದ ಮೇಲೆ ಆ ಮಗುವಿನ ಹಿಂದೆ ಹೋಗುವವರು ಸಾಲದು.

ಈ ಸಭೆಗೆ ಹೊಸಹೊಳಲಿನಿಂದ, ಕೃಷ್ಣರಾಜಪೇಟೆಯಿಂದ, ಪಾಂಡವಪುರ ನಾಗಮಂಗಲಗಳ ಕಡೆಯಿಂದ ಬಂದಿರುವ ತಂದೆತಾಯಿಗಳಿದ್ದೀರಿ. ಹೊಸಹೊಳಲಿಗೆ ದೂರದ ಪ್ರವಾಸಿಗರು ಬರುವುದು ಹದಿಮೂರನೆಯ ಶತಮಾನದ ಲಕ್ಷ್ಮೀನಾರಾಯಣ ದೇವಾಲಯವನ್ನು ನೋಡುವುದಕ್ಕೆ. ಹೊಯ್ಸಳ ಶಿಲ್ಪಿಗಳು ಕಲ್ಲಿನಲ್ಲಿ ಬಿಡಿಸಿದ ಆನೆ ಕುದುರೆಗಳ ಸಾಲನ್ನು ಅವರು ಗಂಟೆಗಟ್ಟಲೆ ನೋಡುತ್ತಾರೆ. ಪುಸ್ತಕದ ಚೀಲ ಹೊತ್ತು ಅದೇ ಬೀದಿಯಲ್ಲಿ ಹೋಗುವ ಮಕ್ಕಳ ಸಾಲನ್ನು ಯಾರೂ ಅಷ್ಟು ಸಾವಧಾನವಾಗಿ ನೋಡುವುದಿಲ್ಲ. ಇದು ಪ್ರವಾಸಿಗರ ತಪ್ಪಲ್ಲ. ನೋಡಬೇಕಾದವರು ನಾವು. ನಮ್ಮ ಸೀಮೆಯ ಮಕ್ಕಳು ನೀರಾವರಿ ನಾಡಿನ ಮಕ್ಕಳು. ಕಬ್ಬು, ಬತ್ತ, ರಾಗಿ ಬೆಳೆಯುವವರ ಮಕ್ಕಳು, ಹಾಗೆಯೇ ಕಬ್ಬು ಕಡಿಯಲು ದೂರದಿಂದ ಬಂದು ಗುಡಿಸಲು ಹಾಕಿಕೊಂಡವರ ಮಕ್ಕಳೂ ಹೌದು. ಅನ್ನಕ್ಕೆ ಕೊರತೆಯಿಲ್ಲದ ಮನೆಯಲ್ಲಿಯೂ ರಕ್ತಹೀನತೆ ಇರುತ್ತದೆ. 2016-18ರಲ್ಲಿ ನಡೆದ ರಾಷ್ಟ್ರೀಯ ಪೌಷ್ಟಿಕತಾ ಸಮೀಕ್ಷೆಯಂತೆ ದೇಶದ 5ರಿಂದ 9 ವರ್ಷದ ಮಕ್ಕಳಲ್ಲಿ ನೂರಕ್ಕೆ 24 ಮಂದಿ ರಕ್ತಹೀನರು. ನಾಲ್ಕು ಮಕ್ಕಳು ಒಂದು ಬೆಂಚಿನಲ್ಲಿ ಕುಳಿತರೆ ಅವರಲ್ಲಿ ಒಬ್ಬರು ಎಂದು ಸ್ಥೂಲವಾಗಿ ಎಣಿಸಬಹುದು. ಆ ಮಗು ಮಂಕಾಗಿ ಕುಳಿತಿದ್ದರೆ ನಾವು ಅದಕ್ಕೆ ಸೋಮಾರಿ ಎಂದು ಹೆಸರಿಡುತ್ತೇವೆ.

ಈಗಿರುವ ಏರ್ಪಾಡನ್ನು ಮೊದಲು ತಿಳಿಯೋಣ. 2013ರಿಂದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮವೆಂಬ ಯೋಜನೆ ನಡೆದಿದೆ. ಅದರಂತೆ ವೈದ್ಯರು, ಔಷಧಿಗಾರರು ಮತ್ತು ದಾದಿಯೊಬ್ಬರನ್ನುಳ್ಳ ಸಂಚಾರಿ ತಂಡವು ವರ್ಷಕ್ಕೆ ಎರಡು ಸಲ ಅಂಗನವಾಡಿಗಳಿಗೂ, ವರ್ಷಕ್ಕೆ ಒಂದು ಸಲ ಸರಕಾರಿ ಮತ್ತು ಅನುದಾನಿತ ಶಾಲೆಗಳಿಗೂ ಬರಬೇಕು. ಹುಟ್ಟಿನಿಂದ ಬಂದ ದೋಷಗಳು, ಪೌಷ್ಟಿಕಾಂಶದ ಕೊರತೆಗಳು, ಬಾಲ್ಯದ ಕಾಯಿಲೆಗಳು, ಬೆಳವಣಿಗೆಯ ಕುಂಠಿತಗಳು ಎಂಬ ನಾಲ್ಕು ಬಗೆಯಲ್ಲಿ ಸುಮಾರು 30 ತೊಂದರೆಗಳನ್ನು ಅವರು ಗುರುತಿಸುತ್ತಾರೆ. ಮಗುವಿನ ತೂಕ, ಎತ್ತರ, ಕಣ್ಣು, ಕಿವಿ, ಹಲ್ಲು, ಚರ್ಮ, ಎದೆಬಡಿತಗಳನ್ನು ನೋಡಿ ಚೀಟಿ ಬರೆಯುತ್ತಾರೆ. ಮುಂದಿನ ಚಿಕಿತ್ಸೆ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ, ತಾಲ್ಲೂಕು ಆಸ್ಪತ್ರೆಯಲ್ಲಿ ಅಥವಾ ಮಂಡ್ಯದ ಜಿಲ್ಲಾ ಆಸ್ಪತ್ರೆಯಲ್ಲಿ. ಚಿಕಿತ್ಸೆಗೆ ಹಣ ಕೊಡಬೇಕಾಗಿಲ್ಲ. ಇದು ಒಳ್ಳೆಯ ಏರ್ಪಾಡು. ಇದನ್ನು ಹಳಿಯುವುದು ಕೃತಘ್ನತೆಯಾದೀತು.

ಆದರೆ ಚೀಟಿಯು ಮಗುವಿನ ಕೈಸೇರಿದ ಮೇಲೆ ಏನಾಗುತ್ತದೆ? ನಾಲ್ಕನೆಯ ತರಗತಿಯ ಹುಡುಗಿಯೊಬ್ಬಳಿದ್ದಾಳೆ ಎಂದಿಟ್ಟುಕೊಳ್ಳೋಣ. ಆರು ಮೀಟರ್ ದೂರದ ಅಕ್ಷರಪಟದಲ್ಲಿ ಮೇಲಿನ ದೊಡ್ಡ ಅಕ್ಷರಗಳನ್ನಷ್ಟೇ ಅವಳು ಓದಬಲ್ಲಳು. ಕನ್ನಡಕ ಬೇಕೆಂದು ಚೀಟಿ ಬರೆದರು. ಚೀಟಿ ಚೀಲ ಸೇರಿತು. ಚೀಲದಿಂದ ಗೂಡಿಗೆ ಹೋಯಿತು. ತಂದೆ ಗದ್ದೆಯಲ್ಲಿ, ತಾಯಿ ಕೂಲಿಯಲ್ಲಿ. ಆಸ್ಪತ್ರೆಗೆ ಹೋಗುವುದೆಂದರೆ ಇಬ್ಬರಲ್ಲಿ ಒಬ್ಬರ ಒಂದು ದಿನದ ಕೂಲಿ ಹೋಯಿತು, ಬಸ್ಸಿನ ಖರ್ಚು ಬಂತು. ಕಣ್ಣಿನ ವೈದ್ಯರು ಯಾವ ದಿನ ಸಿಗುತ್ತಾರೆಂಬುದು ಗೊತ್ತಿಲ್ಲ. ಒಮ್ಮೆ ಹೋಗಿ ಬರಿಗೈಯಲ್ಲಿ ಬಂದವರು ಎರಡನೆಯ ಸಲ ಹೋಗುವುದು ಅಪರೂಪ. ಹೆಣ್ಣುಮಗುವಿಗೆ ಇಷ್ಟು ಬೇಗ ಕನ್ನಡಕ ಹಾಕಿದರೆ ನಾಳೆ ಮದುವೆಗೆ ತೊಡಕಾದೀತೆಂದು ಅಜ್ಜಿ ಗೊಣಗುತ್ತಾಳೆ. ಮುಂದಿನ ವರ್ಷ ತಂಡ ಬರುತ್ತದೆ; ಅದೇ ಹುಡುಗಿ, ಅದೇ ಕಣ್ಣು, ಅದೇ ಚೀಟಿ. ಇಲ್ಲಿ ಯಾರೂ ತಮ್ಮ ಕರ್ತವ್ಯ ಬಿಟ್ಟವರಲ್ಲ. ವೈದ್ಯರು ಪರೀಕ್ಷಿಸಿದರು, ಉಪಾಧ್ಯಾಯರು ಸಾಲು ನಿಲ್ಲಿಸಿದರು, ತಾಯಿ ಕೂಲಿಗೆ ಹೋದಳು. ಆದರೂ ಹುಡುಗಿಗೆ ಕರಿಹಲಗೆ ಕಾಣಿಸುವುದಿಲ್ಲ.

ಕನ್ನಡಕದ ಮಾತು ಸಣ್ಣದೆನಿಸಿದರೆ ಹೃದಯದ ಮಾತನ್ನು ಕೇಳಿ. ಮಕ್ಕಳಿಗೆ ಗಂಟಲುನೋವು ಬರುವುದು ಸಾಮಾನ್ಯ. ಒಂದು ಬಗೆಯ ರೋಗಾಣುವಿನಿಂದ ಬಂದ ಗಂಟಲುನೋವು, ಸರಿಯಾದ ಚಿಕಿತ್ಸೆ ಇಲ್ಲದಿದ್ದರೆ, ಕೆಲವು ಮಕ್ಕಳಲ್ಲಿ ಎರಡು ಮೂರು ವಾರಗಳ ಮೇಲೆ ಜ್ವರವಾಗಿ ಮರಳುತ್ತದೆ. ಮೊಣಕಾಲು ಊದುತ್ತದೆ, ನೋವು ಒಂದು ಕೀಲಿನಿಂದ ಇನ್ನೊಂದಕ್ಕೆ ಸರಿಯುತ್ತದೆ. ಬೆಳೆಯುವ ಮಗುವಿನ ನೋವೆಂದು ಎಣ್ಣೆ ತಿಕ್ಕಿ ಸುಮ್ಮನಾಗುವ ಮನೆಗಳು ಅನೇಕ. ನೋವೇನೋ ಹೋಗುತ್ತದೆ, ಆದರೆ ಒಳಗೆ ಹೃದಯದ ಕವಾಟಕ್ಕೆ ಗಾಯವಾಗಿರಬಹುದು. ಇಂಥ ಮಗುವನ್ನು ಕಾಪಾಡುವ ಉಪಾಯ ವೈದ್ಯಶಾಸ್ತ್ರಕ್ಕೆ ಬಹುಕಾಲದಿಂದ ಗೊತ್ತಿದೆ: ಮೂರು ನಾಲ್ಕು ವಾರಗಳಿಗೊಮ್ಮೆ ದೀರ್ಘಪರಿಣಾಮದ ಪೆನಿಸಿಲಿನ್ ಚುಚ್ಚುಮದ್ದು, ಅದೂ ಹಲವು ವರ್ಷಗಳ ಕಾಲ. ಮದ್ದಿನ ಬೆಲೆ ಹೆಚ್ಚಲ್ಲ. ಕಷ್ಟವಿರುವುದು ಆ ಹಲವು ವರ್ಷಗಳಲ್ಲಿ. ಓಡಾಡಿಕೊಂಡು ಆಡಿಕೊಂಡು ಇರುವ ಮಗುವನ್ನು ತಿಂಗಳು ತಿಂಗಳೂ ನೋವಿನ ಚುಚ್ಚುಮದ್ದಿಗೆ ಕರೆದೊಯ್ಯಲು ಯಾವ ತಾಯಿಗೆ ಮನಸ್ಸು ಬಂದೀತು? ಚುಚ್ಚುಮದ್ದು ತಪ್ಪುತ್ತದೆ, ರೋಗ ಮರುಕಳಿಸುತ್ತದೆ, ಕವಾಟ ಇನ್ನಷ್ಟು ಕೆಡುತ್ತದೆ. ಕಡೆಗೆ ಆ ಕುಟುಂಬ ಮೈಸೂರಿನ ಅಥವಾ ಬೆಂಗಳೂರಿನ ಜಯದೇವ ಹೃದ್ರೋಗ ಸಂಸ್ಥೆಯ ಬಾಗಿಲಲ್ಲಿ ಶಸ್ತ್ರಚಿಕಿತ್ಸೆಗಾಗಿ ಕಾಯಬೇಕಾಗುತ್ತದೆ. ಶಾಲೆಯಲ್ಲಿ ದಾದಿಯೊಬ್ಬಳಿದ್ದು, ಅವಳ ಪುಸ್ತಕದಲ್ಲಿ ಆ ಮಗುವಿನ ಹೆಸರಿನ ಎದುರು ದಿನಾಂಕ ಬರೆದಿದ್ದರೆ, ಇವತ್ತು ನಿನ್ನ ದಿನ, ಅಮ್ಮನನ್ನು ಕರೆದುಕೊಂಡು ಬಾ ಎಂದು ಹೇಳುವವರೊಬ್ಬರು ಇದ್ದಂತಾಗುತ್ತದೆ.

ಈ ಸತ್ಯವನ್ನು ಪಶ್ಚಿಮದವರೂ ಪೆಟ್ಟು ತಿಂದೇ ಕಲಿತರು. 1902ರ ನ್ಯೂಯಾರ್ಕ್ ನಗರವನ್ನು ನೆನೆಯಿರಿ. ಶಾಲೆಗಳಿಗೆ ವೈದ್ಯರು ಹೋಗಿ, ಕಣ್ಣುಬೇನೆ, ಹುಳುಕಡ್ಡಿ, ಕಜ್ಜಿ, ಹೇನು ಇದ್ದ ಮಕ್ಕಳನ್ನೆಲ್ಲ ಮನೆಗೆ ಅಟ್ಟುತ್ತಿದ್ದರು. ಮಕ್ಕಳ ಕೈಗೊಂದು ಚೀಟಿ. ತಂದೆತಾಯಿಗಳು ಪರದೇಶದಿಂದ ಬಂದ ಬಡವರು. ಚೀಟಿಯ ಭಾಷೆ ಅವರಿಗೆ ತಿಳಿಯದು. ಮಗು ವಾರಗಟ್ಟಲೆ ಬೀದಿಯಲ್ಲಿ ಉಳಿಯುತ್ತಿತ್ತು. ಶಾಲೆ ಬಿಟ್ಟ ಮೇಲೆ ಅದೇ ಸಹಪಾಠಿಗಳೊಡನೆ ಆಡಿ ರೋಗ ಹಂಚುತ್ತಿತ್ತು. ಬಡವರ ಕೇರಿಯಲ್ಲಿ ನೆಲಸಿ ಶುಶ್ರೂಷೆ ಮಾಡುತ್ತಿದ್ದ ಲಿಲಿಯನ್ ವಾಲ್ಡ್ ಎಂಬ ಮಹಿಳೆ, ಒಂದು ತಿಂಗಳ ಪ್ರಯೋಗಕ್ಕಾಗಿ ತಮ್ಮ ದಾದಿಯೊಬ್ಬಳನ್ನು ಶಾಲೆಗಳಿಗೆ ಕಳುಹಿಸಿದರು. ಆ ದಾದಿಯ ಹೆಸರು ಲೀನಾ ರೋಜರ್ಸ್. ನಾಲ್ಕು ಶಾಲೆಗಳು ಅವಳೊಬ್ಬಳ ಪಾಲಿಗೆ. ಗಾಯವನ್ನು ಶಾಲೆಯಲ್ಲಿಯೇ ತೊಳೆದು ಕಟ್ಟಿದಳು. ಸಂಜೆ ಮನೆಮನೆಗೆ ಹೋಗಿ ತಾಯಂದಿರಿಗೆ ಮುಲಾಮು ಹಚ್ಚುವ ಬಗೆ ತೋರಿಸಿದಳು. ಯಾರೂ ಕರೆದೊಯ್ಯಲಾಗದ ಮಗುವನ್ನು ತಾನೇ ಔಷಧಾಲಯಕ್ಕೆ ಕರೆದೊಯ್ದಳು. ತಿಂಗಳಾಗುವುದರೊಳಗೆ ನಗರಕ್ಕೆ ಮನವರಿಕೆಯಾಗಿ ಇನ್ನಷ್ಟು ದಾದಿಯರ ನೇಮಕವಾಯಿತು. ಒಂದು ವರ್ಷ ಕಳೆಯುವ ಹೊತ್ತಿಗೆ ರೋಗಕಾರಣದಿಂದ ಶಾಲೆಯಿಂದ ಹೊರಬಿದ್ದ ಮಕ್ಕಳ ಸಂಖ್ಯೆ ಹತ್ತರಲ್ಲಿ ಒಂದು ಪಾಲಿಗೆ ಇಳಿದಿತ್ತು. ವೈದ್ಯರ ಜ್ಞಾನ ಹಿಂದಿನಷ್ಟೇ ಇತ್ತು, ಮುಲಾಮೂ ಹಿಂದಿನದೇ. ಮನೆಯ ಮೆಟ್ಟಿಲು ಹತ್ತುವವಳೊಬ್ಬಳು ಹೊಸದಾಗಿ ಬಂದಿದ್ದಳು, ಅಷ್ಟೆ.

ನಮ್ಮ ದೇಶದಲ್ಲಿ ಶಾಲಾ ಮಕ್ಕಳ ವೈದ್ಯಕೀಯ ಪರೀಕ್ಷೆ 1909ರಷ್ಟು ಹಿಂದೆಯೇ ಬರೋಡಾ ಸಂಸ್ಥಾನದಲ್ಲಿ ಆರಂಭವಾಯಿತು. 1946ರಲ್ಲಿ ಭೋರ್ ಸಮಿತಿ ಪರಿಶೀಲಿಸಿದಾಗ ದೇಶದಲ್ಲಿ ಶಾಲಾ ಆರೋಗ್ಯಸೇವೆ ಎಂಬುದು ಇಲ್ಲವೆಂದೇ ಹೇಳಬೇಕೆಂದು ಕಂಡುಬಂತು. 1960ರಲ್ಲಿ ರೇಣುಕಾ ರಾಯ್ ಅವರ ಅಧ್ಯಕ್ಷತೆಯಲ್ಲಿ ಇದಕ್ಕೆಂದೇ ಒಂದು ಸಮಿತಿಯಾಗಿ, ಮರುವರ್ಷ ವರದಿ ಬಂತು. ಸಮಿತಿಗಳ ಕಥೆಯನ್ನು ಇನ್ನು ಬೆಳೆಸುವುದು ಬೇಡ. ಈ ದಿನದ ಸ್ಥಿತಿ ಹೀಗಿದೆ: ನವೋದಯದಂಥ ವಸತಿಶಾಲೆಗಳಲ್ಲಿ ದಾದಿಯ ಹುದ್ದೆ ಉಂಟು, ಹಳ್ಳಿಯ ಪ್ರಾಥಮಿಕ ಶಾಲೆಗೆ ಅಂಥ ಹುದ್ದೆ ಇಲ್ಲ. ಊರಿನ ಆರೋಗ್ಯ ಉಪಕೇಂದ್ರದ ನರ್ಸಮ್ಮನವರೇ ಶಾಲೆಗೂ ಬರಬೇಕು. ಬಯಲುಸೀಮೆಯಲ್ಲಿ 5,000 ಜನಕ್ಕೆ ಒಂದು ಉಪಕೇಂದ್ರವೆಂಬುದು ಲೆಕ್ಕ. ಬಸುರಿಯರು, ಬಾಣಂತಿಯರು, ಹಸುಗೂಸುಗಳು, ಲಸಿಕೆ, ದಾಖಲೆಪುಸ್ತಕ, ಈಗ ಮೊಬೈಲಿನಲ್ಲಿ ತುಂಬಬೇಕಾದ ವಿವರಗಳು, ಇಷ್ಟೂ ಆ ಒಬ್ಬ ಹೆಣ್ಣುಮಗಳ ಹೆಗಲ ಮೇಲಿದೆ. ಇದರ ಮೇಲೆ ಪ್ರತಿಯೊಂದು ಶಾಲಾಮಗುವಿನ ಬೆನ್ನು ಹತ್ತಬೇಕೆಂದು ಅವರನ್ನು ಕೇಳುವುದಕ್ಕೆ ನಮಗೆ ಬಾಯಿ ಬರುವುದಿಲ್ಲ. 2020ರಲ್ಲಿ ಆರಂಭವಾದ ಇನ್ನೊಂದು ಯೋಜನೆಯಲ್ಲಿ ಶಾಲೆಗೆ ಇಬ್ಬರು ಉಪಾಧ್ಯಾಯರನ್ನು ಆರೋಗ್ಯ ರಾಯಭಾರಿಗಳೆಂದು ತರಬೇತಿಗೊಳಿಸುವ ಕ್ರಮವಿದೆ. ಅವರು ಪಾಠ ಹೇಳಬಲ್ಲರು, ಲಕ್ಷಣ ಗುರುತಿಸಬಲ್ಲರು. ಸೋರುವ ಕಿವಿಯನ್ನು ಬತ್ತಿಯಿಂದ ಒರೆಸಿ ಒಣಗಿಸುವ ಕೈ ದಾದಿಯದೇ ಆಗಬೇಕು. ಆರು ಏಳನೆಯ ತರಗತಿಯ ಹೆಣ್ಣುಮಕ್ಕಳು ತಮ್ಮ ಕಷ್ಟವನ್ನು ಹೇಳಿಕೊಳ್ಳುವುದು ಕೂಡ ಅಂಥವಳ ಬಳಿಯೇ ಹೊರತು ಮೇಜಿನ ಆಚೆ ಕುಳಿತ ಮೇಷ್ಟರ ಬಳಿಯಲ್ಲ.

ಇಲ್ಲಿ ನಮ್ಮವರೇ ಗಮನಿಸಬೇಕಾದ ಒಂದು ಸಂಗತಿಯಿದೆ. ಮೇಲೆ ಹೇಳಿದ ಸಂಚಾರಿ ತಂಡ ಸರಕಾರಿ ಮತ್ತು ಅನುದಾನಿತ ಶಾಲೆಗಳಿಗಾಗಿ ಇರುವಂಥದು. ಅನುದಾನವಿಲ್ಲದ ಖಾಸಗಿ ಶಾಲೆಗಳು ಆ ವ್ಯಾಪ್ತಿಯ ಹೊರಗಿವೆ. ಕ್ರೈಸ್ತ ಆಡಳಿತದ ಇಂಗ್ಲಿಷ್ ಮಾಧ್ಯಮದ ಶಾಲೆಗಳಲ್ಲಿ ಅನೇಕವು ಈ ಬಗೆಯವು. ಸಾಲ ಮಾಡಿ ಶುಲ್ಕ ಕಟ್ಟಿ, ಒಳ್ಳೆಯ ಶಾಲೆಗೆ ಹಾಕಿದೆವೆಂದು ನಾವು ನಿಶ್ಚಿಂತರಾಗಿರುತ್ತೇವೆ. ಬಡವರ ಶಾಲೆಯ ಮಗುವಿಗೆ ವರ್ಷಕ್ಕೊಮ್ಮೆ ದೊರಕುವ ಪರೀಕ್ಷೆ ನಮ್ಮ ಮಗುವಿಗೆ ದೊರಕದೆ ಹೋಗಬಹುದು. ಸಮವಸ್ತ್ರದ ಕಂಠಪಟ್ಟಿಯ ಬಣ್ಣವನ್ನು ವಿಚಾರಿಸುವ ತಂದೆತಾಯಿಗಳು, ಶಾಲೆಯಲ್ಲಿ ದಾದಿ ಇದ್ದಾಳೆಯೇ, ಮಕ್ಕಳ ಆರೋಗ್ಯದ ದಾಖಲೆ ಇಡುತ್ತಾರೆಯೇ ಎಂಬುದನ್ನೂ ಒಮ್ಮೆ ವಿಚಾರಿಸಬಾರದೇ?

ಮಾತ್ರೆಗಳ ವಿಷಯಕ್ಕೆ ಬರೋಣ. ಇಲ್ಲಿ ತಪ್ಪುತಿಳಿವಳಿಕೆ ಹೆಚ್ಚು. 5ರಿಂದ 10 ವರ್ಷದ ಮಕ್ಕಳಿಗೆ ವಾರಕ್ಕೊಂದು ಗುಲಾಬಿ ಬಣ್ಣದ ಕಬ್ಬಿಣಾಂಶದ ಮಾತ್ರೆಯನ್ನೂ, ಅದಕ್ಕೆ ಮೇಲ್ಪಟ್ಟವರಿಗೆ ನೀಲಿ ಮಾತ್ರೆಯನ್ನೂ ಶಾಲೆಯಲ್ಲಿ ಕೊಡುವ ಕ್ರಮವಿದೆ. ಇದನ್ನು ಬರಿಹೊಟ್ಟೆಯಲ್ಲಿ ನುಂಗಿದರೆ ಓಕರಿಕೆ ಬರುತ್ತದೆ. ಮಧ್ಯಾಹ್ನದ ಊಟವಾದ ಮೇಲೆ ಕೊಡಬೇಕು. ಮಾತ್ರೆ ನುಂಗಿದ ಮಗುವಿನ ಮಲ ಕಪ್ಪಾಗುತ್ತದೆ. ಇದನ್ನು ಕಂಡು ಗಾಬರಿಯಾಗಿ, ಏನೋ ವಿಷ ಕೊಟ್ಟರೆಂದು ಮಾತ್ರೆ ನಿಲ್ಲಿಸಿಬಿಡುವವರುಂಟು. ಅದು ಕಬ್ಬಿಣದ ಬಣ್ಣ, ಭಯಪಡಬೇಕಾಗಿಲ್ಲ. ಊಟದೊಡನೆ ಟೀ ಕಾಫಿ ಕುಡಿದರೆ ಕಬ್ಬಿಣಾಂಶ ಮೈಗೆ ಹತ್ತುವುದು ಕಡಿಮೆಯಾಗುತ್ತದೆ. ಸೊಪ್ಪಿನ ಸಾರಿಗೆ ನಾಲ್ಕು ಹನಿ ನಿಂಬೆರಸ ಹಿಂಡಿದರೆ ಹೆಚ್ಚುತ್ತದೆ. ವರ್ಷದಲ್ಲಿ ಎರಡಾವರ್ತಿ, ಫೆಬ್ರವರಿ ಮತ್ತು ಆಗಸ್ಟ್ ತಿಂಗಳುಗಳಲ್ಲಿ, ಜಂತುಹುಳುವಿನ ಮಾತ್ರೆ ಕೊಡುತ್ತಾರೆ. ಅದನ್ನು ಅಗಿದು ನುಂಗಬೇಕು. ಹೊಟ್ಟೆಯಲ್ಲಿ ಹುಳು ಹೆಚ್ಚಾಗಿರುವ ಮಗುವಿಗೆ ಆ ದಿನ ಸ್ವಲ್ಪ ಹೊಟ್ಟೆನೋವು, ತಲೆಸುತ್ತು ಬರಬಹುದು. ನೆರಳಿನಲ್ಲಿ ಮಲಗಿಸಿ ನೀರು ಕೊಟ್ಟರೆ ಸಾಮಾನ್ಯವಾಗಿ ಸರಿಹೋಗುತ್ತದೆ. ಆ ಹೊತ್ತಿನಲ್ಲಿ ಪಕ್ಕದಲ್ಲೊಬ್ಬ ದಾದಿಯಿದ್ದರೆ ಊರಿನಲ್ಲಿ ಗುಲ್ಲೇಳುವುದಿಲ್ಲ.

ನಾಯಿ ಕಚ್ಚಿದ ಮಗುವಿನ ಮಾತಂತೂ ಬಿಡುವಂತಿಲ್ಲ. ಶಾಲೆಯ ದಾರಿಯಲ್ಲಿ ನಾಯಿಗಳ ಹಾವಳಿ ಯಾವ ಊರಿನಲ್ಲಿಲ್ಲ? ಗಾಯವನ್ನು ಸೋಪು ಹಚ್ಚಿ ಹರಿಯುವ ನೀರಿನಲ್ಲಿ ಹದಿನೈದು ನಿಮಿಷ ತೊಳೆಯಬೇಕು. ಸುಣ್ಣ, ಅರಿಸಿನ, ಮೆಣಸಿನಪುಡಿ ಯಾವುದನ್ನೂ ಮೆತ್ತಬಾರದು. ಅದೇ ದಿನ ಆಸ್ಪತ್ರೆಗೆ ಹೋಗಿ ಲಸಿಕೆ ಹಾಕಿಸಬೇಕು. ಗಾಯ ಆಳವಾಗಿದ್ದರೆ ಗಾಯದ ಸುತ್ತಲೂ ಇನ್ನೊಂದು ಮದ್ದು ಹಾಕಬೇಕಾಗುತ್ತದೆ. ಮೊದಲ ದಿನ ಎಲ್ಲರೂ ಓಡುತ್ತಾರೆ. ಮೂರನೆಯ ದಿನ, ಏಳನೆಯ ದಿನ, ಆಮೇಲೆ ವೈದ್ಯರು ಬರೆದುಕೊಟ್ಟ ದಿನ, ಗಾಯ ಮಾಗುತ್ತ ಬಂದಂತೆ ಉತ್ಸಾಹವೂ ಮಾಗುತ್ತದೆ. ಹುಚ್ಚುನಾಯಿರೋಗ ಒಮ್ಮೆ ಕಾಣಿಸಿಕೊಂಡಿತೆಂದರೆ ಬದುಕಿ ಉಳಿಯುವ ಆಸೆಯಿಲ್ಲ. ಕಬ್ಬಿನ ಗದ್ದೆಯ ನಾಡಾದುದರಿಂದ ಹಾವಿನ ಮಾತನ್ನೂ ಸೇರಿಸುತ್ತೇವೆ. ಕಚ್ಚಿದ ಜಾಗವನ್ನು ಕೊಯ್ಯಬಾರದು, ಬಿಗಿಯಾಗಿ ಕಟ್ಟಬಾರದು, ಮಂತ್ರದವರ ಮನೆಯಲ್ಲಿ ಹೊತ್ತು ಕಳೆಯಬಾರದು. ಮಗುವನ್ನು ನಡೆಸದೆ, ಅಲುಗಿಸದೆ, 108ಕ್ಕೆ ಕರೆಮಾಡಿ ವಿಷಹರ ಮದ್ದಿರುವ ಆಸ್ಪತ್ರೆಗೆ ಒಯ್ಯಬೇಕು.

ಶಾಲೆಯ ಆಡಳಿತದವರಲ್ಲಿ ನಮ್ಮ ಬಿನ್ನಹ, ಆರೋಗ್ಯದ ನಿಯಮಗಳನ್ನು ಬಾಯಿಮಾತಿನಲ್ಲಿ ಬಿಡದೆ ಒಂದು ಹಾಳೆಯಲ್ಲಿ ಬರೆದು ಪ್ರತಿ ಮನೆಗೂ ಕೊಡಿ. ದಡಾರ ಬಂದ ಮಗು ಗುಳ್ಳೆ ಕಾಣಿಸಿಕೊಂಡ ಮೇಲೆ ನಾಲ್ಕು ದಿನ, ಮಂಗನಬಾವು ಬಂದ ಮಗು ಊತ ಕಂಡ ಮೇಲೆ ಐದು ದಿನ ಮನೆಯಲ್ಲಿರಬೇಕು. ನಮ್ಮ ಕಡೆ ಅಮ್ಮ ಎಂದು ಕರೆಯುವ ಸೀತಾಳ ಸಿಡುಬಿನಲ್ಲಿ ಗುಳ್ಳೆಗಳೆಲ್ಲ ಒಣಗಿ ಹಕ್ಕಳೆ ಕಟ್ಟಿದ ಮೇಲೆ ಬರಬಹುದು. ಕಜ್ಜಿಯಾದರೆ ಮಗುವಿಗೊಬ್ಬನಿಗೇ ಮುಲಾಮು ಹಚ್ಚಿದರೆ ಪ್ರಯೋಜನವಿಲ್ಲ. ಮನೆಯವರೆಲ್ಲರೂ ಒಂದೇ ರಾತ್ರಿ ಹಚ್ಚಿಕೊಂಡು, ಹಾಸಿಗೆ ಬಟ್ಟೆಗಳನ್ನು ಬಿಸಿನೀರಿನಲ್ಲಿ ಒಗೆದು ಬಿಸಿಲಿಗೆ ಹಾಕಬೇಕು. ಹೇನಿಗಾಗಿ ಹೆಣ್ಣುಮಗುವನ್ನು ತರಗತಿಯ ಮುಂದೆ ನಿಲ್ಲಿಸುವ, ತಲೆ ಬೋಳಿಸುವ ಪದ್ಧತಿ ಎಲ್ಲಿಯೇ ಉಳಿದಿದ್ದರೂ ಅದು ನಿಲ್ಲತಕ್ಕದ್ದು. ಫಿಟ್ಸ್, ಉಬ್ಬಸ, ಸಕ್ಕರೆಕಾಯಿಲೆ ಇರುವ ಮಗುವಿನ ಮದ್ದು, ವೈದ್ಯರ ಚೀಟಿ, ತಂದೆತಾಯಿಗಳ ಒಪ್ಪಿಗೆಪತ್ರ, ದೂರವಾಣಿ ಸಂಖ್ಯೆ ಇವು ಶಾಲೆಯಲ್ಲಿ ಒಂದು ಗೊತ್ತಾದ ಸ್ಥಳದಲ್ಲಿರಬೇಕು. ಮಗುವಿನ ಕಾಯಿಲೆ ಇತರ ಮಕ್ಕಳ ಬಾಯಿಗೆ ಬೀಳಬಾರದು.

ಸಂತ ಲೂಕರ ಶುಭಸಂದೇಶದಲ್ಲಿ ಬರುವ ದಯಾಳು ಸಮಾರಿಯದವನ ಸಾಮತಿಯನ್ನು ನಾವು ಬಾಲ್ಯದಿಂದ ಕೇಳಿದ್ದೇವೆ. ಅವನು ಗಾಯಕ್ಕೆ ಎಣ್ಣೆ ಹೊಯ್ದು ಕಟ್ಟಿದನೆಂಬುದನ್ನು ನೆನಪಿಟ್ಟುಕೊಂಡಷ್ಟು, ಮರುದಿನ ಅವನು ಮಾಡಿದ್ದನ್ನು ನೆನಪಿಡುವುದಿಲ್ಲ. ಮರುದಿನ ಛತ್ರದವನಿಗೆ ಹಣ ಕೊಟ್ಟು, ಮೇಲೆ ಖರ್ಚಾದರೆ ತಾನು ಹಿಂದಿರುಗಿ ಬಂದಾಗ ಕೊಡುವೆನೆಂದು ಮಾತು ಕೊಟ್ಟು ಹೋದನು. ಹಿಂದಿರುಗಿ ಬರುವ ಆ ಮಾತೇ ಶುಶ್ರೂಷೆಯ ಜೀವಾಳ. ಯಾಯೀರನ ಮಗಳನ್ನು ಸಾವಿನಿಂದ ಎಬ್ಬಿಸಿದ ಪ್ರಭು ಯೇಸು, ಆ ಹುಡುಗಿಗೆ ಊಟ ಕೊಡುವಂತೆ ಮನೆಯವರಿಗೆ ಹೇಳಿದ್ದೂ ಶುಭಸಂದೇಶದಲ್ಲಿದೆ. ಅದ್ಭುತವನ್ನು ಕಂಡು ಬೆರಗಾಗಿ ನಿಂತಿದ್ದ ತಂದೆತಾಯಿಗಳಿಗೆ ಮಗು ಹಸಿದಿದೆಯೆಂಬುದು ಹೊಳೆದಿರಲಿಲ್ಲವೇನೋ!

ನಮ್ಮ ಸಭೆಯಲ್ಲಿ ದಾದಿಯರಿಗೆ ಬರವೇ? 1886ರಲ್ಲಿ ಗುಡ್ ಶೆಫರ್ಡ್ ಕನ್ಯಾಭಗಿನಿಯರು ಬೆಂಗಳೂರಿನಲ್ಲಿ ಸಂತ ಮಾರ್ತಮ್ಮನವರ ಹೆಸರಿನ ಆಸ್ಪತ್ರೆಯನ್ನು ಸ್ಥಾಪಿಸಿದಂದಿನಿಂದ ಶುಶ್ರೂಷೆಯ ವಿದ್ಯೆ ನಮ್ಮ ಮನೆಗಳಿಗೆ ಹೊಸದಲ್ಲ. ಕ್ರೈಸ್ತ ಕುಟುಂಬಗಳ ಹೆಣ್ಣುಮಕ್ಕಳು ಬೆಂಗಳೂರಿನಲ್ಲಿ, ಅರಬ್ ದೇಶಗಳಲ್ಲಿ, ಯೂರೋಪಿನಲ್ಲಿ ರೋಗಿಗಳ ಸೇವೆ ಮಾಡುತ್ತಿದ್ದಾರೆ. ಅವರು ಕಳುಹಿಸಿದ ಹಣದಿಂದ ತಾರಸಿ ಮನೆಗಳೆದ್ದಿವೆ; ಇದು ನಮಗೆಲ್ಲ ಹೆಮ್ಮೆ. ಆ ಮಕ್ಕಳು ಓದಿದ ಪ್ರಾಥಮಿಕ ಶಾಲೆಯಲ್ಲಿ ಮಾತ್ರ ಅಯೋಡಿನ್ ಹಚ್ಚುವವರಿಲ್ಲ. ವೃತ್ತಿಯಿಂದ ನಿವೃತ್ತರಾಗಿ ಊರಿಗೆ ಮರಳಿದ ದಾದಿಯರಿದ್ದಾರೆ. ಮದುವೆಯಾಗಿ ಕೆಲಸ ಬಿಟ್ಟವರಿದ್ದಾರೆ. ವಾರಕ್ಕೆ ಎರಡು ದಿನ, ದಿನಕ್ಕೆ ಎರಡು ಗಂಟೆ ಅವರು ಕೊಡಲೊಪ್ಪಿದರೆ, ಸರಕಾರಿ ಶಾಲೆಯಾದರೆ ಮುಖ್ಯೋಪಾಧ್ಯಾಯರ ಮತ್ತು ಆರೋಗ್ಯ ಕೇಂದ್ರದ ಅನುಮತಿ ಪಡೆದು, ಈ ಕೆಲಸ ಆರಂಭಿಸಬಹುದು. ಅವರು ತಾವಾಗಿ ಮದ್ದು ಕೊಡುವುದು ಬೇಡ. ಅದು ವೈದ್ಯರ ಕೆಲಸ. ಚೀಟಿ ಪಡೆದ ಮಕ್ಕಳ ಹಿಂದೆ ಹೋದರೆ ಸಾಕು.

ಇದಕ್ಕೆ ಬೇಕಾದ ಸಾಮಗ್ರಿ ಹೆಚ್ಚಿಲ್ಲ. ಒಂದು ದಪ್ಪ ನೋಟುಪುಸ್ತಕ, ತೂಕದ ಯಂತ್ರ, ಅಕ್ಷರಪಟ, ಜ್ವರಮಾಪಕ, ಪ್ರಥಮ ಚಿಕಿತ್ಸೆಯ ಪೆಟ್ಟಿಗೆ. ಪುಸ್ತಕದಲ್ಲಿ ಮಗುವಿನ ಹೆಸರು, ತಂಡದವರು ಬರೆದ ತೊಂದರೆ, ಯಾವ ಆಸ್ಪತ್ರೆಗೆ ಹೇಳಿದ್ದಾರೆ, ಯಾವ ದಿನ ಹೋಗಿಬಂದರು, ಮತ್ತೆ ಯಾವ ದಿನ ಹೋಗಬೇಕು ಎಂಬ ಅಂಕಣಗಳಿರಲಿ. ಕಡೆಯ ಅಂಕಣ ಖಾಲಿಯಿರುವವರ ಮನೆಗೆ ಆ ವಾರ ಯಾರಾದರೂ ಹೋಗಬೇಕು. ಆಶಾ ಕಾರ್ಯಕರ್ತೆಯರನ್ನು ಜೊತೆಗೆ ಕರೆದುಕೊಂಡರೆ ಕೆಲಸ ಹಗುರಾಗುತ್ತದೆ. ಊರಿನ ಬಾಗಿಲುಗಳೆಲ್ಲ ಅವರಿಗೆ ಗೊತ್ತು. ಈ ಪುಸ್ತಕದಲ್ಲಿ ಜಾತಿ ಮತಗಳ ಅಂಕಣ ಇರಕೂಡದು. ದೊಡ್ಡಸ್ವಾಮಿಯವರ ದಾಕು ಜ್ಞಾನಸ್ನಾನ ಪಡೆದವರ ತೋಳಿಗಷ್ಟೇ ಮೀಸಲಾಗಿದ್ದರೆ ಇಪ್ಪತ್ತೈದು ಸಾವಿರದ ಲೆಕ್ಕ ತುಂಬುತ್ತಲೇ ಇರಲಿಲ್ಲ.

ಉಳಿದದ್ದು ದಾರಿಖರ್ಚು. ಕೃಷ್ಣರಾಜಪೇಟೆಯ ಆಸ್ಪತ್ರೆ ಹೊಸಹೊಳಲಿಗೆ ಹತ್ತಿರ; ಮಂಡ್ಯಕ್ಕೂ ಮೈಸೂರಿಗೂ ಹೋಗಬೇಕಾದಾಗಲೇ ಕುಟುಂಬಗಳು ಕೈಚೆಲ್ಲುವುದು. ಸಂತ ವಿನ್ಸೆಂಟ್ ದೆ ಪೌಲರ ಸಭೆಯವರು ಪ್ರತಿ ತಿಂಗಳ ಕಾಣಿಕೆಯಲ್ಲಿ ಒಂದು ಭಾಗವನ್ನು ಮಗು ಮತ್ತು ಜೊತೆಗೊಬ್ಬರ ಬಸ್ಸಿನ ಖರ್ಚಿಗೆ, ಆ ದಿನದ ಕೂಲಿಯ ನಷ್ಟಕ್ಕೆ ಎತ್ತಿಡಬಹುದೆಂದು ಸೂಚಿಸುತ್ತೇವೆ. ತಂದೆತಾಯಿಗಳಿಬ್ಬರಿಗೂ ಬಿಡುವಾಗದಿದ್ದರೆ, ಅವರ ಒಪ್ಪಿಗೆ ಪಡೆದು ನಮ್ಮ ಮಹಿಳಾ ಸಂಘದ ಇಬ್ಬರು ತಾಯಂದಿರು ಜೊತೆಗೆ ಹೋಗಲಿ. ಪುಸ್ತಕ, ಪೆಟ್ಟಿಗೆಗಳ ವೆಚ್ಚವನ್ನು ಶತಮಾನೋತ್ಸವ ಸಮಿತಿ ದೀಪಾಲಂಕಾರದ ಬಾಬಿನಿಂದ ಕೊಡಲೊಪ್ಪಿದರೆ ದೀಪಗಳೇನೂ ಮಂಕಾಗವು. ಈ ಕೆಲಸಕ್ಕೆ ಹೆಸರು ಕೊಡಬಯಸುವ ದಾದಿಯರೂ ತಾಯಂದಿರೂ ಭಾನುವಾರದ ಪೂಜೆ ಮುಗಿದ ಮೇಲೆ ಗುರುಗಳ ನಿವಾಸದ ಜಗುಲಿಯಲ್ಲಿ ಸೇರಬೇಕಾಗಿ ವಿನಂತಿ. ಮೊದಲ ಪುಟದಲ್ಲಿ ಬರೆಯಬೇಕಾದ ಹೆಸರುಗಳನ್ನು ಕಳೆದ ತಪಾಸಣೆಯ ಚೀಟಿಗಳಿಂದಲೇ ತೆಗೆದುಕೊಳ್ಳೋಣ. ಮನೆಯ ಗೂಡಿನಲ್ಲಿ ಅಂಥ ಚೀಟಿ ಉಳಿದಿದ್ದರೆ ದಯಮಾಡಿ ಅಂದು ತನ್ನಿ.